ಅಂಬುಜಾ ಹಾರಿಸಿಬಿಟ್ಟ ಮುಂಜಾನಿ

ನಂದು, ಈ ಅಖ್ತರ ಬೇಗಂದು, ಬಾಯಿ ಭಾಳ ಅಂತಾರ ಓಣ್ಯಾಗಿನ ಮಂದಿ. ಅನ್ನಲಿ! ನನ್ನ ಮಗ ಅಕ್ರಮನ ಬಲಗೈ ಬಟ್ಟು ಶಹಾಬಾದದ ಫರಸಿಕಲ್ಲು ಕೊರೆಯೋ ಮಷಿನ್‌ದಾಗ ಹೋದವು. ಮಾಲಕ ಖಂಡೆಪ್ಪ ಏನಂದ ಗೊತ್ತೇನ್ರಿ? ಹುಡುಗ ನಿದ್ದಿಗಣ್ಣಿನಾಗ ತಾನೇ ಕೈ ಇಟ್ಟಾನ ಅಂದ. ಶುದ್ಧ ಸುಳ್ಳು! ಕೆಲಸ ಲಗೂನ ಆಗಲಿ ಅಂತ ಬ್ಲೇಡಿನ ಮ್ಯಾಲಿನ ಕವರ್ ತೆಗಿಸಿದವ ಅವನೇ. ಅದನ್ನ ಕಣ್ಣಾರೆ ನೋಡಿದಾಕಿ ಒಬ್ಬಾಕೇ, ನಮ್ಮ ಬಾಜೂ ಮನಿ ಅಂಬುಜಾ.

ಈ ಅಂಬುಜಾ ಎಂಥಾಕಿ ಅಂತ ಹೇಳ್ತೀನಿ ಕೇಳ್ರಿ. ಗಂಡ ಸತ್ತ ಮ್ಯಾಲ ಅದೇ ಫ್ಯಾಕ್ಟರಿದಾಗ ಕಲ್ಲು ಪಾಲಿಶ್ ಮಾಡಿ ಮಗಳು ಭಾಗ್ಯಾನ್ನ ಓದಸಾಕತ್ತಾಳ. ಕ್ರಿಸ್ತಾನರಾಕಿ. ಸಣ್ಣಾಕಿದ್ದಾಗ ಹಾಸ್ಟೆಲಿನ ಸಿಸ್ಟರ್ ಕಲಿಸಿದ್ದೊಂದು ರೂಢಿ ಅದ ಅಕಿಗಿ. ಸಂಜಿಗಿ ಬಂದು ಮಾರಿ ತೊಳಕೊಂಡು, ಅಂಗಳದಾಗ ಒಂದು ಒಡೆದ ಫರಸಿ ಮ್ಯಾಲ ಕುಂತು, ಇಡೀ ದಿನ ದೇವರ ಮುಂದ ಹೇಳ್ತಾಳ. ಸಂಜಿಯಿಂದ ಸುರು ಮಾಡಿ ನಸುಕಿನತನಕ ಹಿಂದಕ್ಕ ಹೋಗೋದು. ಎಲ್ಲಿ ನೀ ನನ್ನ ಜೋಡಿ ಇದ್ದಿ, ಎಲ್ಲಿ ನಾ ನಿನ್ನ ಕೈ ಬಿಟ್ಟೆ ಅಂತ. ಅದೂ ಬಾಯಿ ಬಿಟ್ಟು! ನಡುವ ಗಿಡ್ಡ ಗ್ವಾಡಿ ಅಷ್ಟೇ, ನನಗ ಎಲ್ಲಾ ಕೇಳಸ್ತದ. ನಮ್ಮ ಕೋಳಿಗಿ ಬೈದಿದ್ದಕ್ಕೂ ಮಾಫಿ ಕೇಳ್ಯಾಳ. ಅದಕ್ಕೇ ಅಕಿ ಮ್ಯಾಲ ನನಗ ಭಾಳ ಭರವಸಾ ಇತ್ತು.

ನಿನ್ನಿ ಮುಂಜಾನಿ ಪೊಲೀಸರು ಫ್ಯಾಕ್ಟರಿಗಿ ಬಂದು ವಿಚಾರಿಸಿದರು. ಖಂಡೆಪ್ಪ ಎದುರಿಗೇ ನಿಂತಿದ್ದ. ನಾನೂ ಗೇಟಿನಾಗ ನಿಂತಿದ್ದೆ. ಅಂಬುಜಾ ನೆಲ ನೋಡಕೋತ, "ನಾ ನೋಡಿಲ್ರಿ" ಅಂದುಬಿಟ್ಟಳು. ನನ್ನ ಮೈಯೆಲ್ಲಾ ಉರೀತು. ಇನ್ನ ತಪ್ಪು ಅಕ್ರಮಂದೇ ಅಂತ ಬರ್ದು ಕೇಸು ಮುಚ್ಚತಾರ.

ಸಂಜಿಗಿ ಗ್ವಾಡಿಗಿ ಹತ್ತಿ ನಿಂತೆ. ದೇವರ ಮುಂದ ಏನ್ ಹೇಳ್ತಾಳ, ಕೇಳೇಬಿಡೋಣ ಅಂತ. ಅಂಗಡ್ಯಾಗ ಚಿಲ್ಲರಕ್ಕ ಜಗಳಾಡಿದ್ದು ಬಂತು. ಮಧ್ಯಾಹ್ನ ಕೆಲಸದಾಗ ಬಾಜೂಕ ಕುಂತಾಕಿಗಿ ರೊಟ್ಟಿ ಕೊಡದೇ ತಾನೇ ಉಂಡಿದ್ದು ಬಂತು. ಆಮ್ಯಾಲ ಒಮ್ಮೆಲೇ, "ನಸುಕಿನಾಗ ಸುಖವಾಗಿ ಎಬ್ಬಿಸಿದಿ ದೇವರೇ, ಸ್ತೋತ್ರ" ಅಂದಳು.

ಹಾರಿಸಿಬಿಟ್ಟಳು! ತಡಕೊಳ್ಳಾಕ ಆಗಲಿಲ್ಲ ನನಗ. ಗ್ವಾಡಿ ಮ್ಯಾಲಿಂದ ಒದರಿದೆ.

"ಏ ಅಂಬುಜಾ! ಪೊಲೀಸರು ಬಂದಿದ್ದು ಎಲ್ಲಿ ಹೋತು? ರೊಟ್ಟಿದು ಹೇಳ್ತಿ, ನನ್ನ ಮಗನ ಕೈದು ನುಂಗತಿ?"

"ಆಪಾ, ಪ್ರಾರ್ಥನಿ ಮಾಡಾಕತ್ತೀನಿ. ಸುಮ್ಮನಿರು."

"ಮಾಡು. ಪೂರಾ ಮಾಡು!"

ಅಕಿ ಮತ್ತ ಕೈ ಮುಗಿದಳು. ಆಮ್ಯಾಲ ಅಳಕೋತ ಅಂದಳು, "ದೇವರೇ, ಕವರ್ ತೆಗಿಸಿದ್ದು ನಾ ನೋಡೀನಿ. ಕೆಲಸ ಹೋದರ ಭಾಗ್ಯಾನ ಗತಿ ಏನಂತ ಹೆದರಿ ಸುಳ್ಳು ಹೇಳಿದೆ. ಮಾಫ್ ಮಾಡು."

ಅಳು ಕೇಳಿ ನನ್ನ ಸಿಟ್ಟು ಇಳೀತೇನು? ಇನ್ನೂ ಏರಿತು.

"ನಿನ್ನ ದೇವರಿಗಿ ಮೊದಲೇ ಗೊತ್ತದ, ಅಂಬುಜಾ. ಗೊತ್ತಿಲ್ಲದವರು ಠಾಣೆದಾಗ ಕುಂತಾರ."

ಅಕಿ ನನ್ನ ಮಾರಿ ನೋಡಿದಳು. ಅಕಿ ಕಣ್ಣಾಗೂ ಸಿಟ್ಟಿತ್ತು, ನನ್ನ ಮ್ಯಾಲೋ ತನ್ನ ಮ್ಯಾಲೋ. ಎದ್ದು ಸೆರಗು ಕೊಡವಿ ಚಪ್ಪಲ್ ಮೆಟ್ಟಿದಳು. ನಾ ಬುರ್ಖಾ ಹಾಕೊಂಡು ಹಿಂದೇ ಓಡಿದೆ.

ಠಾಣೆ ಬಾಗಿಲಿಗಿ ಬಂದು ನಿಂತಳು. ಹೊಸ್ತಿಲಾ ದಾಟದೇ ನನ್ನ ಕಡೆ ತಿರುಗಿದಳು.

"ಆಪಾ, ನಾ ಇನ್ನೂ ಆಮೆನ್ ಅಂದಿಲ್ಲ."

"ಮೊದಲು ಒಳಗ ಹೋಗಿ ಹೇಳು," ಅಂದೆ. "ನಾ ಇಲ್ಲೇ ಕುಂದರ್ತೀನಿ. ಹೊರಗ ಬಂದು ಅನ್ನು."