ಮಗು ಕಾಲ ಮೇಲಿರೋವಾಗ

ಹರಳೆಣ್ಣೆ ಬಿಸಿಯಾಗೋ ವಾಸನೆ ಬಂದ್ರೆ ಸಾಕು, ಡಚ್ಚರ ನಾಡಿನ ಯುಟ್ರೆಕ್ಟಲ್ಲಿರೋ ನಮ್ಮ ಫ್ಲ್ಯಾಟಿನ ಬಾತ್‌ರೂಮು ಮಾಯ ಆಗಿ ಮೈಸೂರಿನ ವಠಾರದ ಬಚ್ಚಲು ಬಂದು ಕೂತ್ಕೊಳ್ಳತ್ತೆ. ಸೌದೆ ಹೊಗೆ, ಹಂಡೆ ನೀರು, ಕಡಲೆಹಿಟ್ಟು, ಮಧ್ಯದಲ್ಲಿ ಸೀರೆ ಎತ್ತಿ ಕಟ್ಟಿ, ಮಣೆ ಮೇಲೆ ಕಾಲು ಚಾಚಿ ಕೂತ ಸಾಕಜ್ಜಿ. ಸ್ವಂತ ಅಜ್ಜಿ ಅಲ್ಲ, ವಠಾರದ ಕೊನೆ ಮನೆಯವರು. ಆದ್ರೆ ಅಲ್ಲಿ ಹುಟ್ಟಿದ ಮಕ್ಕಳೆಲ್ಲ ಅವರ ಕಾಲ ಮೇಲೆ ಮಲಗಿ ನೀರು ಹಾಕಿಸ್ಕೊಂಡವರೇ. ಮೊಣಕೈ ಅದ್ದಿ ಬಿಸಿ ನೋಡೋರು. ಬಟ್ಟೆ, ಚೊಂಬು, ಎಣ್ಣೆ ಬಟ್ಟಲು ಎಲ್ಲ ಕೈಗೆ ಸಿಗೋ ಹಂಗೆ ಇಟ್ಕೊಂಡ ಮೇಲೇ ಮಗು ಎತ್ಕೊಳ್ಳೋರು. ಆಮೇಲೆ ಒಂದು ಕೈ ಮಗು ಎದೆ ಬಿಟ್ಟು ಕದಲ್ತಿರಲಿಲ್ಲ. ಯಾರೇ ಕೂಗ್ಲಿ, ಏಳ್ತಿರಲಿಲ್ಲ. ನಿಮ್ಮನ್ನೂ ಹಿಂಗೆ ಕಾಲ ಮೇಲೆ ಹಾಕ್ಕೊಂಡವರು ಯಾರೋ ಇದ್ದಿರ್ತಾರೆ. ಅವರ ಮುಖ ಮರೆತಿದ್ರೂ ಆ ಕೈಯ ಬಿಸಿ ಮೈಗೆ ನೆನಪಿರತ್ತೆ.

ಮಗಳು ಇಂಚರ ಹುಟ್ಟಿದ ಮೇಲೆ ನಾನೂ ಸಾಕಜ್ಜಿ ಆಗೋಕೆ ಹೊರಟೆ. ಶವರ್ ಮೂಲೇಲಿ ಕಾಲು ಚಾಚಿದ್ರೆ ಪಾದ ಗಾಜಿನ ಬಾಗಿಲಿಂದಾಚೆ, ಬೆನ್ನಿಗೆ ನಲ್ಲಿ. ಎಣ್ಣೆ ಅರ್ಧ ಬಾಟಲಿ ಸುರಿದಿದ್ದೆ, ದೋಸೆ ಕಾವಲಿಗೂ ಯಾರೂ ಅಷ್ಟು ಹಾಕಲ್ಲ. ಇಂಚರ ಸೊಂಯ್ ಅಂತ ಜಾರಿದಳು. ಹಿಡಿದೆ ನಿಜ, ಹಿಡಿಯೋ ಭರಕ್ಕೆ ನನ್ನ ತಲೆ ನಲ್ಲಿಗೆ ಹೊಡೀತು. ಅವಳು ನಕ್ಕಳು. ನಾನು ಎಣ್ಣೆ ಬಾಟಲಿ ಮುಚ್ಚಿ ಮೇಲಿಟ್ಟೆ. ಮನೆಗೆ ಬಂದ ಡಚ್ ನರ್ಸಮ್ಮ, ಟಬ್ಬಲ್ಲಿ ಸ್ವಲ್ಪವೇ ನೀರು ಹಾಕು, ಮೊದಲು ಮೊಣಕೈಯಿಂದ ಬಿಸಿ ನೋಡು, ಒಂದು ಕ್ಷಣಕ್ಕೂ ಬಿಟ್ಟು ಏಳಬೇಡ ಅಂತ ಹೇಳಿದ್ರು. ನನ್ನ ಕಣ್ಣಲ್ಲಿ ನೀರು ಬಂತು. ತಾನು ಬೈದಂಗಾಯ್ತು ಅಂತ ಆಯಮ್ಮ ಅಂದ್ಕೊಂಡ್ರೋ ಏನೋ.

ನನಗೆ ನೆನಪಾಗಿದ್ದು ಬೇರೆ. ಆಗ ನನಗೆ ಆರು ವರ್ಷ, ವಠಾರದ ನಂಬರ್ ಒನ್ ತರ್ಲೆ. ಸಾಕಜ್ಜಿನ ಒಂದ್ಸಲನಾದ್ರೂ ಏಳಿಸಬೇಕು ಅಂತ ಪಣ. ಹಾಲು ಉಕ್ತು ಅಂದೆ, ಬೆಕ್ಕು ಮೀನು ಕದೀತು ಅಂದೆ, ಏಳಲಿಲ್ಲ. ಅವರ ಮಗ ತನ್ನ ಅಪ್ಪನ ಹತ್ರ ಜಗಳ ಆಡ್ಕೊಂಡು ಲಾರಿ ಹತ್ತಿ ಹೋದವನು, ವರ್ಷಗಳಾದ್ರೂ ಬಂದಿರಲಿಲ್ಲ. ಒಂದಿನ ನನ್ನ ತಂಗಿ ಅವರ ಕಾಲ ಮೇಲಿದ್ಲು. ನಾನು ಓಡಿಬಂದು, ನಿಮ್ಮ ಮಗ ಗೇಟ್ ಹತ್ರ ನಿಂತಿದಾನೆ ಅಂದೆ.

ಚೊಂಬು ಗಾಳೀಲೇ ನಿಂತ್ಕೊಂಡ್ತು. ತಂಗಿ ಎದೆ ಮೇಲಿನ ಕೈ ಮಾತ್ರ ಅಲ್ಲೇ ಇತ್ತು.

"ಸೊರಗಿದಾನೇನೋ ಮರಿ?" ಅಂದ್ರು, ತಲೆ ಎತ್ತದೆ.

ಸುಳ್ಳಿಗೆ ಒಗ್ಗರಣೆ ಹಾಕೋದ್ರಲ್ಲಿ ನಾನು ಎತ್ತಿದ ಕೈ. "ಹ್ಞೂ ಅಜ್ಜಿ. ನೀಲಿ ಶರ್ಟು ಹಾಕಿದಾನೆ."

"ಕೂತ್ಕೊಳ್ಳೋಕೆ ಹೇಳು. ಮಗು ಮೈ ಒರೆಸಿ ಬರ್ತೀನಿ."

ಕಂಕುಳು, ಕತ್ತಿನ ಸಂದಿ, ಕಿವಿ ಹಿಂದೆ, ಯಾವುದನ್ನೂ ಬಿಡಲಿಲ್ಲ. ಒರೆಸಿ, ಸಾಂಬ್ರಾಣಿ ಹಿಡಿದು, ಬಟ್ಟೆ ಸುತ್ತಿ, ತಂಗೀನ ಅಮ್ಮನ ಕೈಗೆ ಕೊಟ್ರು. ಆಮೇಲೆ ಒದ್ದೆ ಸೀರೇಲೇ ಗೇಟಿನ ಕಡೆ ಓಡಿದ್ರು. ಅವರು ಓಡಿದ್ದನ್ನ ನೋಡಿದ್ದು ಅದೊಂದೇ ಸಲ. ನಾನು ಹಂಡೆ ಒಲೆ ಹಿಂದೆ ಅವಿತ್ಕೊಂಡಿದ್ದೆ. ತುಂಬ ಹೊತ್ತಾದ ಮೇಲೆ ವಾಪಸ್ ಬಂದು, ಅಮ್ಮನಿಗೆ ಮೆಲ್ಲಗೆ ಹೇಳಿದ್ರು, "ಕಾಯೋಕಾಗದೆ ಹೊರಟೋಗಿರ್ಬೇಕು."

ಬೈದಿದ್ರೆ ಚೆನ್ನಾಗಿತ್ತು. ನಾನು ನಿಜ ಹೇಳಲೇ ಇಲ್ಲ. ನಾಳೆ ಹೇಳೋಣ, ಹಬ್ಬ ಆಗ್ಲಿ, ಪರೀಕ್ಷೆ ಮುಗೀಲಿ. ಅಷ್ಟರಲ್ಲಿ ಸಾಕಜ್ಜಿ ಹೋದ್ರು, ವಠಾರನೂ ಹೋಯ್ತು. ಬಚ್ಚಲಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸ್ತಾರೆ.

ಇವತ್ತು ನನ್ನ ಹೆಂಡತಿ ಶ್ವೇತಾ ಆಫೀಸಿಗೆ ಹೋಗಿದ್ಲು. ಇಂಚರ ಟಬ್ಬಲ್ಲಿ, ನನ್ನ ಕೈ ಅವಳೆದೆ ಮೇಲೆ. ಬೆಲ್ ಆಯ್ತು. ನಮ್ಮನೆ ಬೆಲ್ ಒತ್ತೋರು ಪಾರ್ಸಲ್‌ನವರು ಮಾತ್ರ, ಅವರು ಒಂದೇ ಸಲ ಒತ್ತಿ ಪಕ್ಕದ ಮನೇಲಿ ಕೊಟ್ಟುಹೋಗ್ತಾರೆ. ಇದು ಮೂರು ಸಲ ಆಯ್ತು. ಯಾರೋ ನನ್ನನ್ನೇ ಹುಡುಕ್ಕೊಂಡು ಬಂದ ಹಂಗೆ. ಮೈಯೆಲ್ಲ ಬಾಗಿಲ ಕಡೆ ಓಡ್ತು, ಕೈ ಮಾತ್ರ ಅಲ್ಲೇ ಇತ್ತು. ಕಂಕುಳು ತೊಳೆದೆ, ಕಿವಿ ಹಿಂದೆ ತೊಳೆದೆ, ಒರೆಸಿದೆ, ಟವೆಲಲ್ಲಿ ಸುತ್ತಿ ಎತ್ಕೊಂಡು ಹೋಗಿ ಬಾಗಿಲು ತೆಗೆದೆ.

ಮೆಟ್ಟಿಲು ಖಾಲಿ.

"ಕಾಯೋಕಾಗದೆ ಹೊರಟೋಗಿರ್ಬೇಕು," ಅಂದೆ ಇಂಚರಳಿಗೆ. ಒದ್ದೆ ಬಟ್ಟೇಲೇ ಅಲ್ಲಿ ತುಂಬ ಹೊತ್ತು ನಿಂತಿದ್ದೆ.