ನೀಲವ್ವನ ರೊಟ್ಟಿ ಮತ್ತು ನಮ್ಮ ಗ್ರೂಪಿನ ಓಟು

ಕಳೆದ ಗುರುವಾರ ಬೆಳಿಗ್ಗೆ, ಒಲೆಯ ಮೇಲೆ ಹಾಲಿಟ್ಟು ನಿಂತಲ್ಲೇ, ನಾನೊಬ್ಬ ಹೆಣ್ಣುಮಗಳ ಹೊಟ್ಟೆಯ ಮೇಲೆ ಹೊಡೆದೆ. ಹಾಲು ಉಕ್ಕುವುದರೊಳಗೆ ಕೆಲಸ ಮುಗಿದಿತ್ತು.

ಕೈಯಲ್ಲಿ ಇದ್ದದ್ದು ಫೋನು, ಅಷ್ಟೇ.

ರಬಕವಿಯ ನಮ್ಮ ಓಣಿಯಲ್ಲಿ ಬಸವಣ್ಣನ ಗುಡಿ ಇದೆ. ಗುಡಿಗೊಂದು ಹೆಣ್ಣುಮಕ್ಕಳ ಭಜನಾ ಮಂಡಳಿ. ಇಪ್ಪತ್ತಾರು ಮಂದಿ ಇದ್ದೇವೆ. ಮಂಡಳಿ ಅಂದಮೇಲೆ ವಾಟ್ಸಾಪ್ ಗ್ರೂಪು ಇರಲೇಬೇಕಲ್ಲ? ಇದೆ. ಬೆಳಿಗ್ಗೆ ಐದಕ್ಕೇ ಶಿವನ ಫೋಟೊ ಬರಲು ಶುರು. (ಒಂದೇ ಫೋಟೊವನ್ನು ಒಂಬತ್ತು ಮಂದಿ ಕಳಿಸುತ್ತಾರೆ. ಶಿವ ಬೇಸರ ಮಾಡಿಕೊಳ್ಳುವುದಿಲ್ಲ, ಅದೊಂದು ಪುಣ್ಯ.)

ಆವತ್ತು ಆ ಫೋಟೊಗಳ ನಡುವೆ ಒಂದು ವಿಡಿಯೊ ಬಂತು.

ಮುಧೋಳದ ಯಾವುದೋ ಮನೆಯ ವಾಸ್ತುಶಾಂತಿ. ಹಿತ್ತಲಲ್ಲಿ ಒಬ್ಬ ಹೆಂಗಸು ಅಗಲವಾದ ಪರಾತದ ತಟ್ಟೆಯ ಮುಂದೆ ಕುಳಿತು ರೊಟ್ಟಿ ಹಿಟ್ಟು ನಾದುತ್ತಿದ್ದಾಳೆ. ಯಾರೋ ಓರೆಯಿಂದ ತೆಗೆದದ್ದು. ಆಕೆ ಬಗ್ಗುತ್ತಾಳೆ, ತುಟಿ ಮುಂದೆ ಮಾಡುತ್ತಾಳೆ, ಅಷ್ಟೇ. ಅಲ್ಲಿಗೆ ವಿಡಿಯೊ ನಿಲ್ಲುತ್ತದೆ. ಬಾಯಿಯ ಸುತ್ತ ಕೆಂಪು ಗೆರೆ. ಮತ್ತೆ ಮೊದಲಿಂದ. ಮತ್ತೆ ಕೆಂಪು ಗೆರೆ. ಹಿನ್ನೆಲೆಯಲ್ಲಿ, ಸೀರಿಯಲ್‌ನಲ್ಲಿ ವಿಷ ಹಾಕುವಾಗ ಬರುತ್ತದಲ್ಲ, ಆ ಥರದ ಮ್ಯೂಸಿಕ್. ಕೆಳಗೆ ದಪ್ಪ ಅಕ್ಷರದಲ್ಲಿ, ‘ರೊಟ್ಟಿ ಹಿಟ್ಟಿಗೆ ಉಗುಳುವ ಹೆಂಗಸು. ಹುಷಾರ್. ಎಲ್ಲರಿಗೂ ಕಳಿಸಿ.’

ನೋಡಿದ ಕೂಡಲೇ ಗುರುತು ಹತ್ತಿತು. ನಮ್ಮ ನೀಲವ್ವ.

ನೀಲವ್ವನಿಗೆ ರೊಟ್ಟಿಯೇ ಬದುಕು. ಗಂಡ ಪವರ್‌ಲೂಮ್ ಮಗ್ಗದ ಮುಂದೆ ನಿಂತು ನಿಂತು ಬೆನ್ನು ಕಳೆದುಕೊಂಡು ಮನೆಯಲ್ಲಿದ್ದಾನೆ. ಸುತ್ತಲಿನ ಊರುಗಳ ಲಗ್ನ, ಬಸುರಿಯರ ಕುಬಸ, ವಾಸ್ತುಶಾಂತಿಗೆ ಆಕೆ ಗರಿಗರಿಯಾದ ಕಟಕ ರೊಟ್ಟಿ ಬಡಿದು ಕೊಡುತ್ತಾಳೆ. ನಾಲ್ಕು ವರ್ಷದಿಂದ ಶ್ರಾವಣದ ಕಡೆಯ ಸೋಮವಾರ ನಮ್ಮ ಗುಡಿಯ ಪ್ರಸಾದದ ರೊಟ್ಟಿಯೂ ಆಕೆಯದೇ.

ಗ್ರೂಪಿನ ಅಡ್ಮಿನ್ ಶಕುಂತಲಕ್ಕ. ರಿಟೈರ್ಡ್ ಟೀಚರ್, ಮಂಡಳಿಯ ಮುಖ್ಯಸ್ಥೆ. ಹತ್ತು ನಿಮಿಷದಲ್ಲಿ ಒಂದು ಪೋಲ್ ಹಾಕಿಬಿಟ್ಟರು. ‘ಸೋಮವಾರದ ರೊಟ್ಟಿ ನೀಲವ್ವನ ಕಡೆ ಮಾಡಿಸೋಣವೇ? ಬೇಕು / ಬೇಡ. ಶನಿವಾರ ಸಂಜೆ ಏಳರೊಳಗೆ ಒತ್ತಿರಿ.’

ಶನಿವಾರವೇ ಯಾಕೆ? ಅದಕ್ಕೂ ಅವರೇ ವಾಯ್ಸ್ ಮೆಸೇಜ್ ಹಾಕಿದ್ದರು. “ಟಿವಿಯೊಳಗ ಶನಿವಾರಕ್ಕೊಬ್ಬರನ್ನ ಮನಿಯಿಂದ ಹೊರಗ ಕಳಸ್ತಾರಲ್ರೆವ್ವಾ, ನಾವೂ ಹಂಗ ಒಂದ ನಿರ್ಣಯ ಮಾಡೂಣು.”

ಆ ಶೋ ನಾನೂ ನೋಡುತ್ತೇನೆ, ಸುಳ್ಳು ಯಾಕೆ ಹೇಳಲಿ? ಹತ್ತು ಹದಿನೈದು ಮಂದಿಯನ್ನು ಒಂದು ಮನೆಯಲ್ಲಿ ಕೂಡಿ, ಯಾರು ಯಾರ ಬೆನ್ನ ಹಿಂದೆ ಏನು ಅಂದರು ಎಂದು ತೋರಿಸಿ, ಕಡೆಗೆ ನಮ್ಮ ಕೈಗೆ ಓಟು ಕೊಡುತ್ತಾರೆ. ಪರಿಚಯವೇ ಇಲ್ಲದವರನ್ನು ಹೊರಗೆ ಹಾಕುವುದರಲ್ಲಿ ಎಂಥದೋ ಖುಷಿ ಇದೆ. ಪರಿಚಯದವರನ್ನು ಹಾಕುವಾಗಲೂ ಅದೇ ಖುಷಿ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ನಾನು ನೋಡುವಾಗ ಹನ್ನೊಂದು ಮಂದಿ ‘ಬೇಡ’ ಒತ್ತಿ ಆಗಿತ್ತು. ಹನ್ನೆರಡನೆಯದು ನನ್ನದು. ದೇವರಿಗೆ ಎಂಜಲು ಹೋಗಬಾರದಲ್ಲ?

ಸಂಜೆ ದೀಪ ಹಚ್ಚಿದ ಮೇಲೆ ಆ ದಿನದ ಮೂರು ಪುಣ್ಯ ಎಣಿಸುವುದು ನನ್ನ ರೂಢಿ. ಸಣ್ಣವೇ. ನಳಕ್ಕೆ ನೀರು ಬಂತು, ಮೊಣಕಾಲು ನೋಯಲಿಲ್ಲ, ಇಂಥವು. ಗುರುವಾರ ಮೂರನೆಯದು ಇದು: “ಸೋಮವಾರಕ್ಕಿಂತ ಮೊದಲ ಗೊತ್ತಾತಲ್ಲಪ್ಪಾ ತಂದೆ.”

ಶುಕ್ರವಾರ ಬೆಳಿಗ್ಗೆ ಆ ಪುಣ್ಯವನ್ನು ವಾಪಸ್ ಕೊಡಬೇಕಾಯಿತು.

ಜೋಳದ ಹಿಟ್ಟಿಗೆ ಗೋಧಿಯ ಹಿಟ್ಟಿನಂತೆ ಜಿಗುಟು ಇಲ್ಲ. ಕುದಿಯುವ ನೀರು ಹೊಯ್ದು, ಬಿಸಿ ಇರುವಾಗಲೇ ನಾದಬೇಕು. ನಾದುತ್ತಾ ಇದ್ದೆ. ಬೆರಳು ಚುರ್ ಅಂದವು. ಬಗ್ಗಿ ‘ಫೂ’ ಅಂತ ಊದಿದೆ.

ಊದಿದವಳು ಹಾಗೇ ಕುಳಿತುಬಿಟ್ಟೆ.

ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ಮನೆಯವರು ಕೇಳಿದರು, “ಯಾಕ, ಕೈ ಸುಟ್ಟಕೊಂಡೇನು?”

“ಇಲ್ರಿ. ಊದಿದೆ.”

“ಅದೇನ ಹೊಸಾದ? ದಿನಾ ಊದತಿ.”

“ನಿಮಗ ಗೊತ್ತೈತಿ?”

“ಇಪ್ಪತ್ತೆರಡ ವರ್ಷ ಆತು, ಕೇಳಾಕತ್ತೇನಿ. ನೀ ಊದಿದ್ದ ಕೇಳಿದ ಮ್ಯಾಲ ನಾ ಕೈ ತೊಳಕೊಳ್ಳೂದು.”

ಅವರಿಗೆ ಗೊತ್ತಿತ್ತು. ಊದುವವಳಿಗೇ ಗೊತ್ತಿರಲಿಲ್ಲ. ದಿನಾ ಅದೇ ಪರಾತ, ಅದೇ ಬಿಸಿ, ಅದೇ ಬಾಯಿ. ಆದರೂ ವಿಡಿಯೊದಲ್ಲಿ ನಾನು ಕಂಡದ್ದು ಉಗುಳು. ಯಾಕೆ? ಕೆಳಗೆ ಹಾಗಂತ ಬರೆದಿತ್ತು, ಅದಕ್ಕೆ.

ಹಿಟ್ಟಿನ ಕೈಯಲ್ಲೇ ಫೋನ್ ಹುಡುಕಿ ನನ್ನ ಓಟು ಬದಲಿಸಿದೆ. ಆಮೇಲೆ ನಮ್ಮವರ ಕೈಗೆ ಫೋನ್ ಕೊಟ್ಟು, ನಾನು ನಾದುವುದನ್ನು, ಊದುವುದನ್ನು ವಿಡಿಯೊ ಮಾಡಿಸಿ ಗ್ರೂಪಿಗೆ ಹಾಕಿದೆ. “ಇದ ನೋಡ್ರಿ. ನೀಲವ್ವ ಮಾಡಿದ್ದೂ ಇದನ್ನ. ಕೈ ಸುಡತಿತ್ತು, ಊದ್ಯಾಳ. ನಾವು ತಪ್ಪ ತಿಳಕೊಂಡೇವಿ.”

ಎಷ್ಟು ಮಂದಿ ನೋಡಿದರು ಅಂತ ಒತ್ತಿ ಒತ್ತಿ ನೋಡಿದೆ. ಒಂದು, ಎರಡು, ಹದಿನೇಳು ಮಂದಿ ನೋಡಿದರು. ಅರ್ಧ ತಾಸಾದ ಮೇಲೆ ಮೂಲೆಮನೆಯ ಮಹಾದೇವಿ ಬರೆದಳು.

“ಅಂದ್ರ ಹ್ವಾದ ವಾರ ನಿಮ್ಮ ಮನ್ಯಾಗ ಪೂಜಾಕ ಬಂದಾಗ ನಾವು ತಿಂದದ್ದೂ ಊದಿದ ರೊಟ್ಟಿನ ಏನ್ರೀ?”

ಅದರ ಕೆಳಗೆ ಐದು ಮಂದಿಯ ನಗುವ ಗೊಂಬೆ. ಇಬ್ಬರದು ವಾಂತಿ ಮಾಡುವ ಗೊಂಬೆ.

ಎಲ್ಲರೂ ಜೋಳದ ರೊಟ್ಟಿ ತಿಂದು ಬೆಳೆದವರು. ಬಡಿಯುವವರು. “ನಾನೂ ಊದುತ್ತೇನೆ” ಅಂತ ಒಬ್ಬಳೂ ಅನ್ನಲಿಲ್ಲ. ಸಂಜೆಯ ಹೊತ್ತಿಗೆ ‘ಬೇಡ’ ಹತ್ತೊಂಬತ್ತಾಗಿತ್ತು. ‘ಬೇಕು’ ಮೂರು. ಗ್ರೂಪಿನಲ್ಲಿ ಮಾತಾಡಿ ಪ್ರಯೋಜನವಿಲ್ಲ ಅಂತ ಚಪ್ಪಲಿ ಮೆಟ್ಟಿ ನೀಲವ್ವನ ಮನೆಗೆ ನಡೆದೆ.

ಆಕೆಯ ಪರಾತ ಗೋಡೆಗೆ ಬೋರಲು ನಿಂತಿತ್ತು. ಶ್ರಾವಣದಲ್ಲಿ ಆ ಒಲೆ ತಣ್ಣಗಿದ್ದದ್ದನ್ನು ನಾನು ನೋಡಿಲ್ಲ.

“ಬರ್ರಿ ಅಕ್ಕಾರ,” ಅಂದಳು. “ಬೀಳಗಿಯವರು ಕುಬಸದ ರೊಟ್ಟಿ ಬ್ಯಾಡಂದ್ರು. ಲೋಕಾಪುರದವರೂ ಬ್ಯಾಡಂದ್ರು. ಏನ ತಪ್ಪಾತ್ರಿ ಅಂದ್ರ ವಿಡಿಯೊ ನೋಡು ಅಂತಾರ. ನನ್ನ ಫೋನಿನ್ಯಾಗ ಬರೇ ಮಾತ ಬರ್ತಾವು, ಚಿತ್ರ ಬರೂದಿಲ್ಲ. ಎಲ್ಲಿ ನೋಡ್ಲಿ?”

ಊರೆಲ್ಲ ನೋಡಿ ಮುಗಿಸಿದ ವಿಡಿಯೊವನ್ನು ಆಕೆಗೆ ಮೊದಲು ತೋರಿಸಿದವಳು ನಾನು. ಹತ್ತಿರ ಹಿಡಿದು ನೋಡಿದಳು. ಮತ್ತೊಮ್ಮೆ ಹಾಕಲು ಹೇಳಿದಳು.

“ಇದಕ್ಕ ಬಾಜಾ ಯಾಕ ಹಚ್ಚ್ಯಾರ?” ಅಂದಳು. “ಬಾಜಾ ಇರದಿದ್ರ ಊದಿದ್ದು ಕೇಳತಿತ್ತಲ್ರೀ.”

ಪೋಲ್ ವಿಷಯವನ್ನೂ ಹೇಳಿದೆ. ಹೇಳದೆ ಇರಬಹುದಿತ್ತು. ಆದರೆ ಆಕೆಯ ಕಟ್ಟೆಯ ಮೇಲೆ ಕುಳಿತು ಮುಚ್ಚಿಡಲು ಆಗಲಿಲ್ಲ.

“ನೀವು ಏನ ಒತ್ತಿದ್ರಿ?”

“ಮೊದಲ ಬ್ಯಾಡ ಅಂತ ಒತ್ತಿದ್ದೆ ನೀಲವ್ವ. ಇವತ್ತ ಮುಂಜಾನೆ ಬದಲ ಮಾಡೇನಿ.”

ಪಕ್ಕದ ಮನೆಯ ಮಗ್ಗದ ಸಪ್ಪಳ ಗೋಡೆ ದಾಟಿ ಬರುತ್ತಿತ್ತು. ನೀಲವ್ವ ಎದ್ದು ಚಹಾಕ್ಕೆ ನೀರಿಟ್ಟಳು. ನನಗೆ ಬೆನ್ನು ಮಾಡಿಯೇ ಕೇಳಿದಳು, “ನನ್ನ ಮನಿ ಎಲ್ಲಿ ಐತಿ ಅಂತ ಗೊತ್ತಿತ್ತಲ್ರೀ ನಿಮಗ? ಒಂದ ಸಲ ಬಂದ ಕೇಳಬಾರದಿತ್ತ?”

ಐದು ನಿಮಿಷದ ದಾರಿ. ಚಹಾ ಕೊಟ್ಟಳು, ಕುಡಿದೆ. ಅಂಥ ಹೊತ್ತಿನಲ್ಲೂ ಚಹಾ ಕೊಟ್ಟಳಲ್ಲ, ಆ ದಿನದ್ದು ಅದೊಂದೇ ಪುಣ್ಯ.

“ಗುಡಿಗೆ ಬಂದು ಎಲ್ಲರ ಮುಂದ ನಾದಿ ತೋರಸ್ತಿಯೇನು?” ಅಂತ ಕೇಳಿದೆ.

“ನಾ ಯಾಕ ಪರೀಕ್ಷಾ ಕೊಡ್ಲಿ ಅಕ್ಕಾರ? ಕಳವ ಮಾಡೇನೇನ? ನೋಡೂವರು ಇಲ್ಲಿ ಬರ್ಲಿ. ನನ್ನ ಪರಾತದ ಮುಂದ ಕುಂದ್ರಲಿ.”

ಶನಿವಾರ ಐದು ಗಂಟೆಗೆ ಶಕುಂತಲಕ್ಕನ ಮನೆ. ಏಳಕ್ಕೆ ಓಟು ಮುಗಿಯುತ್ತದೆ. ಟಿವಿಯಲ್ಲಿ ಅದೇ ಶೋದ ಜಾಹೀರಾತು. ಇವತ್ತು ಯಾರು ಔಟ್, ಇವತ್ತು ಯಾರು ಔಟ್. ನೀಲವ್ವ ಮನೆಗೆ ಕರೆದದ್ದನ್ನು ಹೇಳಿದ್ದಕ್ಕೆ ಶಕುಂತಲಕ್ಕ ಅಂದರು,

“ಮೆಜಾರಿಟಿ ಬಂದಮ್ಯಾಲ ನಾ ಏನ ಮಾಡ್ಲಿ ತಂಗಿ? ಮಷಿನ್ ರೊಟ್ಟಿ ಮಾಡೂವರಿಗೆ ಹೇಳಬೇಕಂತ ಮಾಡೇನಿ.”

“ಅಕ್ಕಾರ, ಆ ಮನಿಯೊಳಗ ಹ್ವಾದವರು ಕಾಗದಕ್ಕ ಸಹಿ ಮಾಡಿ ಹೋಗಿರ್ತಾರ. ಹೊರಗ ಬಂದ ಕೂಡಲೆ ಅವರಿಗೆ ಹಾರ ಹಾಕ್ತಾರ. ನೀಲವ್ವ ಎಲ್ಲಿ ಸಹಿ ಮಾಡ್ಯಾಳ?”

ಶಕುಂತಲಕ್ಕ ರಿಮೋಟ್ ಒತ್ತಿ ಟಿವಿಯ ಬಾಯಿ ಮುಚ್ಚಿಸಿದರು. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವರು, ತಮ್ಮ ತಪ್ಪಿನ ಮಾತು ಬಂದರೆ ಅವರಿಗೂ ಕಷ್ಟವೇ.

“ನಾಳಿ ಮಧ್ಯಾಹ್ನ ಏಳೆಂಟ ಮಂದಿನ ಕರಕೊಂಡ ಬರ್ತೇನಿ. ಕಣ್ಣೀಲೆ ನೋಡ್ತೇನಿ. ಉಗುಳಿನ ಹನಿ ಕಂಡ್ರ ಮುಗೀತು. ಆಮ್ಯಾಲ ನೀನೂ ಮಾತಾಡಬ್ಯಾಡ, ಆಕಿನೂ ಮಾತಾಡಬಾರದು.”

ಆ ರಾತ್ರಿಯೆಲ್ಲ ನನಗೆ ಅದೇ ಲೆಕ್ಕ. ಊದುವಾಗ ಒಂದು ಹನಿ ಹಾರಿದರೆ? ಕೆಮ್ಮು ಬಂದರೆ? ಏಳೆಂಟು ಮಂದಿ ಕಣ್ಣು ಬಿಟ್ಟು ನೋಡುತ್ತಿದ್ದರೆ ಯಾರ ಕೈ ತಾನೇ ನೆಟ್ಟಗೆ ನಾದೀತು?

ಭಾನುವಾರ ಏಳು ಮಂದಿ ಹೋದೆವು. ಮಹಾದೇವಿಯೂ ಬಂದಿದ್ದಳು. ನೀಲವ್ವ ನೆಲ ಸಾರಿಸಿ, ಚಾಪೆ ಹಾಸಿ, ಪರಾತದಲ್ಲಿ ಹಿಟ್ಟು ಹಾಕಿಟ್ಟಿದ್ದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಎಲ್ಲರೂ ಕುಳಿತೆವು.

ನೀಲವ್ವ ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ನೀರು ಹೊಯ್ದಳು. ಸೌಟಿನ ಹಿಡಿಯಿಂದ ಕಲಸಿದಳು. ಹಬೆ ಎದ್ದಿತು. ಆಮೇಲೆ ಎರಡೂ ಕೈ ಹಚ್ಚಿ ಪರಾತವನ್ನು ಶಕುಂತಲಕ್ಕನ ಮುಂದೆ ಸರಿಸಿದಳು.

“ನೀವ ನಾದ್ರಿ, ಅಕ್ಕಾರ.”

“ನಾ ಯಾಕ?”

“ನೀವ ನಾದ್ರಿ.”

ದನಿ ಏರಿಸಲಿಲ್ಲ. ಆದರೆ ಇಲ್ಲ ಅನ್ನಲು ಆಗದ ಮಾತು. ಶಕುಂತಲಕ್ಕ ನಮ್ಮ ಕಡೆ ನೋಡಿದರು. ನಾವು ಹಿಟ್ಟಿನ ಕಡೆ ನೋಡಿದೆವು. ಸೆರಗು ಸಿಕ್ಕಿಸಿ, ಬಳೆ ಮೇಲೆ ಸರಿಸಿ, ಕೈ ಇಟ್ಟರು. ಸರ್ರನೆ ತೆಗೆದರು. ಮತ್ತೆ ಇಟ್ಟರು. ತುಟಿ ಬಿಗಿಹಿಡಿದು ನಾದಿದರು. ಒಂದು ಸಲ, ಎರಡು ಸಲ. ಹಣೆಯ ವಿಭೂತಿಯ ಮೇಲೆ ಬೆವರು ಬಂತು. ಈ ಹೆಣ್ಣುಮಗಳು ಹಟಕ್ಕೆ ಬಿದ್ದು ಹಾಗೇ ನಾದಿ ಮುಗಿಸಿದರೆ ನೀಲವ್ವನ ಗತಿ ಏನು?

ಮೂರನೆಯ ಸಲಕ್ಕೆ ಬಗ್ಗಿದರು.

ಫೂ.

ಮತ್ತೊಮ್ಮೆ. ಫೂ, ಫೂ.

ಬಗ್ಗಿಸಿದ ತಲೆ ಎತ್ತಲಿಲ್ಲ. ಮಹಾದೇವಿ ತನ್ನ ಕಾಲುಂಗುರ ತಿರುವುತ್ತ ಕುಳಿತಿದ್ದಳು. ನೀಲವ್ವ ಈಗ ಒಂದು ಮಾತು ಚುಚ್ಚಿದ್ದರೆ ಯಾರೂ ಆಕೆಯನ್ನು ತಪ್ಪು ಅನ್ನುತ್ತಿರಲಿಲ್ಲ. ಆಕೆ ಸರಿದು ಬಂದು ಶಕುಂತಲಕ್ಕನ ಕೈ ಹಿಡಿದು ಪಕ್ಕದ ತಣ್ಣೀರಿನಲ್ಲಿ ಅದ್ದಿದಳು.

“ಆರೂದರಾಗ ನಾದಬೇಕ್ರಿ. ಆರಿದ್ರ ರೊಟ್ಟಿ ಹರೀತಾವು. ಕೊಡ್ರಿ ಇಲ್ಲಿ.”

ಸೋಮವಾರ ಗುಡಿಯಲ್ಲಿ ನೀಲವ್ವನ ರೊಟ್ಟಿ ಉಂಡೆವು. ಎಂದಿನಂತೆ ಎರಡು ಉಣ್ಣುವವರು ಮೂರು ಉಂಡರು. ಅಷ್ಟರ ಮಟ್ಟಿಗೆ ದೇವರು ದೊಡ್ಡವನು.

ಅಷ್ಟರ ಮಟ್ಟಿಗೆ ಮಾತ್ರ. ಯಾಕೆಂದರೆ ಗ್ರೂಪಿನಲ್ಲಿ ಭಾನುವಾರ ಸಂಜೆ ಬಂದದ್ದು ಇಷ್ಟೇ, ‘ರೊಟ್ಟಿ ನೀಲವ್ವನ ಕಡೆಯೇ. ಎಲ್ಲರೂ ಬನ್ನಿ.’ ಜೊತೆಗೆ ಕೈ ಮುಗಿಯುವ ಗೊಂಬೆ. ಪೋಲ್ ಅಳಿಸಿಹೋಗಿತ್ತು. ಯಾಕೆ ‘ಬೇಡ’ ಇದ್ದದ್ದು ‘ಕಡೆಯೇ’ ಆಯಿತು ಎಂದು ಒಂದು ಸಾಲಿಲ್ಲ. ಆ ಏಳು ಮಂದಿಯ ಹತ್ತಿರವೂ ಫೋನ್ ಇದ್ದವು. ಆ ‘ಫೂ’ವನ್ನು ಯಾರೂ ವಿಡಿಯೊ ಮಾಡಿರಲಿಲ್ಲ. ನಾನೂ ಮಾಡಿರಲಿಲ್ಲ. ಒಬ್ಬರ ಮಾನ ಹೋಗುತ್ತದಲ್ಲ ಅಂತ ನಮಗೆ ಆಗ ಅನ್ನಿಸಿತ್ತು. ಗುರುವಾರ ಯಾಕೆ ಅನ್ನಿಸಲಿಲ್ಲವೋ.

ಬೀಳಗಿಯ ಕುಬಸ ಇನ್ನು ಎಂಟು ದಿನಕ್ಕಿದೆ. ಅವರು ಈವರೆಗೂ ಫೋನ್ ಮಾಡಿಲ್ಲ. ನೀಲವ್ವ ಮಾಡಿದರೆ ಎತ್ತುವುದಿಲ್ಲ. ಆ ವಿಡಿಯೊವನ್ನು ಅವರಿಗೆ ಮುಟ್ಟಿಸಿದವರು ನಮ್ಮ ಗ್ರೂಪಿನವರೇ ಇರಬೇಕು. ಈ ಅಂಕಣವನ್ನೂ ಓದುತ್ತಿರಬೇಕು.

ಬೀಳಗಿಯವರ ನಂಬರು ನಿಮ್ಮ ಫೋನಿನಲ್ಲಿ ಇನ್ನೂ ಇದೆಯಲ್ಲವೇ, ತಾಯಿ?