ಕಾಲಿಟ್ಟಷ್ಟೇ ನಕಾಶೆ

ಅವರ ಕೈ ಮೊಣಕೈವರೆಗೂ ನೆಲದೊಳಗೆ ಇಳಿದಿತ್ತು. ಬಳೆಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಶಾಲೆಯ ಹಿಂದಿನ ಎರೆಹೊಲದಲ್ಲಿ ಒಂದು ಮಗ್ಗುಲಾಗಿ ಮಲಗಿಬಿಟ್ಟಿದ್ದರು. ಬೇಸಿಗೆಗೆ ಬಾಯಿಬಿಟ್ಟ ಕರಿನೆಲ, ಅದರ ಬಿರುಕಿನಲ್ಲಿ ತೋಳು, ಕೆನ್ನೆಗೆಲ್ಲ ಮಣ್ಣು. ನಮಗೆ ಭೂಗೋಳ ಕಲಿಸುವ ಅಕ್ಕೋರು ಹೀಗೆ ನೆಲಕ್ಕೆ ಬಿದ್ದುಕೊಂಡದ್ದನ್ನು ಕಂಡು ಒಬ್ಬಳು ಹಾವು ಕಚ್ಚಿತೆಂದೇ ತಿಳಿದು ಅಳತೊಡಗಿದಳು.

"ಮ್ಯಾಲ ಕಾದ ಹಂಚು, ಒಳಗ ತಣ್ಣಗ ಐತಿ. ಒಬ್ಬೊಬ್ರ ಬಂದು ಕೈ ಹಾಕ್ರಿ," ಎಂದರು ಅಕ್ಕೋರು. "ಮನಿ ಗ್ವಾಡಿ ಯಾಕ ಸೀಳತಾವ ಅಂತ ನಿಮ್ಮಪ್ಪನ್ನ ಕೇಳಬ್ಯಾಡ್ರಿ, ಈ ನೆಲಾನ ಕೇಳ್ರಿ."

ಅದು ಬಲಗೈ ಎಂದು ನನ್ನ ನೆನಪು. ಎಡಗೈ ಎನ್ನುತ್ತಾನೆ ನನ್ನ ತಮ್ಮ. ತಮ್ಮನೆಂದರೆ ನನ್ನ ಹಿಂದೆಯೇ ಹುಟ್ಟಿದವನು, ನಾವು ಅವಳಿ. ನೆನಪು ಎಂಬುದು ಬರೆಯುವವರ ಅನುಕೂಲಕ್ಕೆ ಬಲು ಬೇಗ ಬಾಗುತ್ತದೆ, ಹಾಗಾಗಿ ನಾನು ಅದನ್ನು ನಂಬುವುದಿಲ್ಲ. ತಮ್ಮ ಒಪ್ಪದ ಕಡೆ ಅವನು ಒಪ್ಪಲಿಲ್ಲ ಎಂದೇ ಬರೆಯುತ್ತೇನೆ.

ಅಕ್ಕೋರು ತರಗತಿಗೆ ಬರುತ್ತಲೇ ಇವತ್ತು ಗಾಳಿ ಯಾವ ಕಡೆಯಿಂದ ಎಂದು ಕೇಳುತ್ತಿದ್ದರು. ತಡವಾಗಿ ಬಂದವರು ಉತ್ತರ ಹೇಳಿಯೇ ಒಳಗೆ ಬರಬೇಕು. ಹಲಗೆಯನ್ನು ಅಂಗೈಯಿಂದಲೇ ಒರೆಸುವರು, ಸಂಜೆಯಾಗುವಷ್ಟರಲ್ಲಿ ಸೀರೆಯ ಮೇಲೆಲ್ಲ ಐದು ಬೆರಳಿನ ಬಿಳಿ ಗುರುತು. ಭೂಮಿಯ ಗೋಳವನ್ನು ಕಪಾಟಿನಿಂದ ಹೊರಗೆ ತೆಗೆದದ್ದು ಕಡಿಮೆ. ಮೊದಲು ಓಣಿ, ಆಮೇಲೆ ಆಫ್ರಿಕಾ ಎನ್ನುವರು. ಸಹಾರಾ ಮರುಭೂಮಿಯನ್ನು ಸಮುದ್ರದ ನಡುವೆ ಬರೆದವನ ಕಿವಿ ಹಿಡಿದು, "ಮಗನ, ಒಂಟಿಗೆ ಈಸು ಕಲಿಸಿದೆಲ್ಲೋ," ಎಂದಿದ್ದರು.

ಅವರಿದ್ದದ್ದು ಅಣ್ಣಿಗೇರಿಯಲ್ಲಿ. ಬೆಳಿಗ್ಗೆ ಗಂಡ ಸ್ಕೂಟರಿನಲ್ಲಿ ಕರೆತಂದು ಶಾಲೆಯ ಗೇಟಿಗೆ ಬಿಡುತ್ತಿದ್ದರು, ಸಂಜೆ ಅದೇ ಗೇಟಿನಲ್ಲಿ ನಿಂತು ಒಮ್ಮೆ ಹಾರ್ನ್ ಬಾರಿಸುತ್ತಿದ್ದರು. ಹಾರ್ನ್ ಕೇಳಿದರೆ ಅಕ್ಕೋರು ಅರ್ಧ ಮಾತಿನಲ್ಲೇ ಸುಣ್ಣದ ಕಡ್ಡಿ ಕೆಳಗಿಡುವರು. ಹುಡುಗಿಯರಿಗೆ ಅದು ಸಿನಿಮಾದಷ್ಟು ಚೆಂದ ಕಾಣುತ್ತಿತ್ತು. ನಮ್ಮೂರಲ್ಲಿ ಯಾವ ಗಂಡಸು ಹೆಂಡತಿಗಾಗಿ ಕಾದು ನಿಲ್ಲುತ್ತಿದ್ದ?

ನಮ್ಮ ಶಾಲೆ ಎಂಟನೆಯ ಇಯತ್ತೆಗೆ ಮುಗಿಯುತ್ತಿತ್ತು. ಮುಂದೆ ಹೈಸ್ಕೂಲಿಗೆ ಅಣ್ಣಿಗೇರಿಗೆ ಬಸ್ಸಿನಲ್ಲಿ ಹೋಗಬೇಕು. ತಮ್ಮ ಹೋಗುತ್ತಾನೆ, ನಾನು ಹೋಗುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಯಾರೂ ಕೂತು ಮಾತಾಡದೆಯೇ ತೀರ್ಮಾನವಾಗಿತ್ತು.

ಆ ವರ್ಷವೇ ಅಕ್ಕೋರು ಕಾಲಿನ ನಕಾಶೆ ಬರೆಸಿದರು. ನಿಯಮ ಒಂದೇ. ನೀವು ನಿಮ್ಮ ಕಾಲಿನಿಂದ ನಡೆದ ಜಾಗವನ್ನಷ್ಟೇ ಬರೆಯಬೇಕು. ಬಸ್ಸಿನ ಕಿಟಕಿಯಿಂದ ಕಂಡದ್ದು ಲೆಕ್ಕಕ್ಕಿಲ್ಲ, ಯಾರೋ ಹೇಳಿದ್ದು ಲೆಕ್ಕಕ್ಕಿಲ್ಲ. ತಮ್ಮನ ಹಾಳೆಯಲ್ಲಿ ಹಳ್ಳ, ಹಳ್ಳದಾಚೆಯ ಹೊಲಗಳು, ಅಣ್ಣಿಗೇರಿಯ ಸ್ಟೇಷನ್ನು, ಕಾಳಿನ ಪೇಟೆ, ಗದಗಿನ ಒಂದು ಬೀದಿ ಕೂಡ. ನನ್ನದರಲ್ಲಿ ಮನೆ, ನಳ, ಗಿರಣಿ, ಮಠ, ಶಾಲೆ. ಅಕ್ಕೋರು ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಹಿಡಿದರು. ಹಿಂದಿನಿಂದ ಬಿಸಿಲು ಬಂತು. ನನ್ನ ಊರು ಅವನ ಊರಿನ ಒಂದು ಮೂಲೆಯಲ್ಲಿ ನೊಣದ ಹಾಗೆ ಕೂತಿತ್ತು. ಎಲ್ಲರೂ ನಕ್ಕರು. ಅಕ್ಕೋರು ನಗಲಿಲ್ಲ.

"ಇಬ್ರೂ ಒಂದ ದಿವಸ ಹುಟ್ಟಿದವ್ರಲ್ಲಾ?" ಎಂದರು, ಅಷ್ಟೇ.

ಮಾತು ತಿರುಗಿಸಲೆಂದೇ ಇರಬೇಕು, ತಮ್ಮ ಕೇಳಿದ: "ನಿಮ್ದು ಬರೀರಲ್ರಿ, ಅಕ್ಕೋರ." ಅವರು ಹಲಗೆಯ ಮೇಲೆ ಎರಡು ಚುಕ್ಕೆ ಇಟ್ಟು, ನಡುವೆ ಒಂದು ಗೆರೆ ಎಳೆದರು. ಚೇಷ್ಟೆಯೆಂದುಕೊಂಡು ನಾವು ಮತ್ತೆ ನಕ್ಕೆವು. ಈ ಸಲ ಅವರೂ ನಕ್ಕರು. ಇದರಲ್ಲಿ ಮಾತ್ರ ತಮ್ಮನದೂ ನನ್ನದೂ ಒಂದೇ ನೆನಪು.

ಪಾಲಕರ ಸಭೆಗೆ ಅಪ್ಪ ಬಂದಾಗ ನಕಾಶೆಗಳೆಲ್ಲ ಕಿಟಕಿಗೆ ಅಂಟಿಕೊಂಡಿದ್ದವು. ಅಪ್ಪ ಮಗನದನ್ನು ಬೆರಳಿಟ್ಟು ಓದಿದ, ಮೆಚ್ಚಿದ. ಬಾಜೂಕಿದ್ದ ನನ್ನದನ್ನು ನೋಡಿ ಅಕ್ಕೋರ ಮುಂದೆ ಸಂಕೋಚಪಟ್ಟುಕೊಂಡ.

"ಇಕಿ ಅರ್ಧಾಕ್ಕ ಬಿಟ್ಟಾಳಲ್ರಿ. ಮನ್ಯಾಗೂ ಹಿಂಗ, ಯಾ ಕೆಲಸಾನೂ ಪೂರಾ ಮಾಡೂದಿಲ್ಲ."

"ಇಲ್ರಿ," ಎಂದರು ಅಕ್ಕೋರು. "ಅದು ಪೂರಾ ಐತ್ರಿ."

ಅಪ್ಪನ ಬೆರಳು ಹಾಳೆಯ ಖಾಲಿ ಜಾಗದ ಮೇಲೆ ಹಾಗೇ ನಿಂತುಬಿಟ್ಟಿತು. ಹೊಡೆತ ತಿಂದವರ ಮುಖ ಹೇಗಿರುತ್ತದೆಂದು ನಾನು ಮೊದಲು ನೋಡಿದ್ದು ಆಗ. ಮನೆಗೆ ಬಂದ ಮೇಲೆ ಅವನು ಸಿಟ್ಟಿನಿಂದ ಕೂಗಾಡಿದ, ಮನೆಯ ಮರ್ಯಾದೆಯನ್ನು ತಂದು ಕಿಟಕಿಗೆ ಅಂಟಿಸಿದ್ದಾರೆ ಎಂದ. ಊರಿನ ಇನ್ನೂ ಕೆಲವರು ದೂರಿದ್ದಕ್ಕೆ ಅಕ್ಕೋರು ಹಾಳೆಗಳನ್ನು ತೆಗೆಯಬೇಕಾಯಿತು. ನನ್ನ ಶಾಲೆ ಮುಗಿಯಿತೆಂದೇ ತಿಳಿದೆ.

ಜೂನಿನಲ್ಲಿ ಅಪ್ಪ ನಮ್ಮಿಬ್ಬರನ್ನೂ ಅಣ್ಣಿಗೇರಿಯ ಬಸ್ಸು ಹತ್ತಿಸಿದ. ಇಳಿದ ಮೇಲೆ ಹೈಸ್ಕೂಲಿನ ದಾರಿ ಹಿಡಿಯಲಿಲ್ಲ. ನನ್ನನ್ನು ಮುಂದೆ ಬಿಟ್ಟು, "ನಡಿ," ಎಂದ. ಸ್ಟೇಷನ್ನಿಗೆ ನಡೆಸಿದ, ಕಾಳಿನ ಪೇಟೆಯಲ್ಲಿ ನಡೆಸಿದ, ಹಳೇ ಗುಡಿಯನ್ನು ಸುತ್ತಿಸಿದ. ಪೇಟೆಯಲ್ಲಿ ಪರಿಚಯದ ದಲಾಲಿಯೊಬ್ಬ ಮಗಳನ್ನು ಎಲ್ಲಿಗೆ ಕರಕೊಂಡು ಹೊರಟಿರಿ ಎಂದು ಕೇಳಿದ. "ನಾ ಎಲ್ಲಿ ಕರಕೊಂಡ ಹೊಂಟೇನೋ ಮಾರಾಯಾ, ಆಕೀನ ನನ್ನ ಕರಕೊಂಡ ಹೊಂಟಾಳ," ಎಂದ ಅಪ್ಪ. ಕೊನೆಗೆ ಹೈಸ್ಕೂಲು.

ತಮ್ಮ ಇದನ್ನು ಒಪ್ಪುವುದಿಲ್ಲ. ಅಪ್ಪನಿಗೆ ಪೇಟೆಯಲ್ಲಿ ಕೆಲಸವಿತ್ತು, ನಾವು ಬಾಲದಂತೆ ಹಿಂದೆ ಅಲೆದೆವು ಎನ್ನುತ್ತಾನೆ. ಇರಬಹುದು. ಹೈಸ್ಕೂಲಿಗೆ ನನ್ನ ಹೆಸರು ಹಚ್ಚಿದ್ದಂತೂ ಸುಳ್ಳಲ್ಲ. ಈಗ ನಾನು ಭೂಮಾಪಕಿ, ಜನರ ಹೊಲಗಳ ಗಡಿಗುಂಟ ನಡೆಯುವುದೇ ನನ್ನ ನೌಕರಿ.

ಈ ಮಳೆಗಾಲದಲ್ಲಿ ಮಿಶ್ರಿಕೋಟಿಯ ಗದ್ದೆಯೊಂದರಲ್ಲಿ ನಿಂತಿದ್ದಾಗ ತಮ್ಮನ ಫೋನ್ ಬಂತು. ಅಕ್ಕೋರು ಹೋಗಿಬಿಟ್ಟರು, ಬೆಳಿಗ್ಗೆ ಚಹಾ ಸೋಸುತ್ತಿದ್ದವರು ಅಲ್ಲೇ ಕುಸಿದರಂತೆ. ಇಬ್ಬರೂ ಅಣ್ಣಿಗೇರಿಗೆ ಓಡಿದೆವು. ಅವರ ಮನೆಯನ್ನು ನಾನು ನೋಡಿದ್ದು ಅದೇ ಮೊದಲು. ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಹಣೆಯ ತುಂಬ ವಿಭೂತಿ. ಬಾಜೂಕೆ ಅವರ ನಾದಿನಿ ಕೂತು, ಬಂದವರಿಗೆಲ್ಲ ಅತ್ತಿಗೆಯ ಗುಣ ಹೇಳಿಕೊಂಡು ಅಳುತ್ತಿದ್ದಳು.

"ನಮ್ಮ ವೈನಿ ಅಂದ್ರ ಬಂಗಾರರಿ. ಸಾಲಿ, ಮನಿ. ಮನಿ, ಸಾಲಿ. ಇಷ್ಟ ವರ್ಷದಾಗ ಓಣಿ ಮೂಲಿ ಅಂಗಡಿಗೆ ಸುದ್ದಾ ಒಬ್ಬಾಕಿನ ಹೋದಾಕಿ ಅಲ್ಲ."

ಸುತ್ತ ಕೂತವರು ಹೌದೆಂದು ತಲೆದೂಗಿದರು. ಎರಡು ಚುಕ್ಕೆ, ಒಂದು ಗೆರೆ. ಅವರು ಚೇಷ್ಟೆ ಮಾಡಿರಲೇ ಇಲ್ಲ. ತಮ್ಮದೇ ನಿಯಮದ ಪ್ರಕಾರವಾದರೆ ಆ ಗೆರೆಯನ್ನೂ ಎಳೆಯುವಂತಿರಲಿಲ್ಲ, ಅದು ಸ್ಕೂಟರಿನದು. ನಾವು ಸಿನಿಮಾ ಅಂದುಕೊಂಡ ಹಾರ್ನು ಈಗ ಬೇರೆಯಾಗಿ ಕೇಳಿಸಿತು. ಕಟ್ಟೆಯ ಮೇಲೆ ಅವರ ಗಂಡ ಕೂತಿದ್ದರು. ಸಿಟ್ಟು ಮಾಡೋಣವೆಂದು ಆ ಕಡೆ ತಿರುಗಿದೆ. ಅವರು ನನ್ನನ್ನು ನೋಡಿ, ದೂರದಿಂದ ಬಂದೀರಿ, ನೀರು ಕುಡಿದಿರಾ ಎಂದು ಕೇಳಿದರು. ತಡೆದದ್ದು ಯಾರು, ತಡೆದರೋ ಇಲ್ಲವೋ, ಅಕ್ಕೋರಿಗೇ ಅದು ರೂಢಿಯಾಗಿತ್ತೋ, ನನಗೆ ಗೊತ್ತಿಲ್ಲ. ಗೊತ್ತಿದ್ದವರಂತೆ ಬರೆಯಲಾರೆ.

ಅವರ ಮನೆತನದಲ್ಲಿ ಹೆಂಗಸರು ಮಣ್ಣು ಕೊಡಲು ಹೋಗುವುದಿಲ್ಲ. ಊರ ಹೊರಗಿನ ಹಳ್ಳದ ತನಕ ಬಂದು ಹೆಂಗಸರೆಲ್ಲ ನಿಂತರು. ನಾನು ನಿಲ್ಲದ್ದನ್ನು ಕಂಡು ಒಬ್ಬ ಹಿರಿಯರು, "ತಂಗಿ, ಹೆಣ್ಣಮಕ್ಕಳದು ಇಲ್ಲಿತನಕಾ ಅಷ್ಟವಾ," ಎಂದರು. ನಾನು ಹಳ್ಳದ ದಂಡೆಯಲ್ಲೇ ನಿಂತೆ. ಹಿಂದಿನಿಂದ ತಮ್ಮ ಮೆಲ್ಲಗೆ, "ನಡಿ ಬೇ," ಎಂದ.

ನಡೆದೆ. ಮಳೆಗೆ ಬಿರುಕುಗಳೆಲ್ಲ ಮುಚ್ಚಿ ಎರೆಮಣ್ಣು ಅಂಟಾಗಿತ್ತು. ಹೆಜ್ಜೆಹೆಜ್ಜೆಗೂ ಚಪ್ಪಲಿ ದಪ್ಪವಾಗುತ್ತ ಹೋಯಿತು. ಒಂದು ಹಿಡಿ ಮಣ್ಣು ಹಾಕಿ ತಿರುಗಿ ಬಂದಾಗ ನಾದಿನಿ ಹಳ್ಳದ ಬಳಿ ಇನ್ನೂ ನಿಂತಿದ್ದಳು. ನನ್ನ ಚಪ್ಪಲಿಯನ್ನೇ ನೋಡಿದಳು.

"ಎಲ್ಲಿ ಇಟ್ರವಾ ಆಕೀನ್ನ? ಯಾ ಕಡೆ?"

ಕುಕ್ಕರಗಾಲಿನಲ್ಲಿ ಕೂತು, ಒಂದು ಕಡ್ಡಿಯಿಂದ ಹಸಿನೆಲದ ಮೇಲೆ ಬರೆದೆ. ಇದು ಹಳ್ಳ, ಇಲ್ಲಿ ನೀವು ನಿಂತೀರಿ. ಇದು ಕಾಲುದಾರಿ, ಇದು ಬನ್ನಿಗಿಡ, ಅದರ ಬುಡಕ್ಕೆ, ಮೂಡಲಕ್ಕೆ ಇಲ್ಲಿ. ಅವಳೂ ಕೂತಳು. ಬೆರಳಿನಿಂದ ಹಳ್ಳದಿಂದ ಗಿಡದವರೆಗೆ ಒಮ್ಮೆ ಗೆರೆ ಎಳೆದು ನೋಡಿದಳು. ಆಮೇಲೆ ತಲೆಯೆತ್ತಿ ಆ ಕಡೆ ನೋಡಿದಳು.

"ಇಷ್ಟ ಸಮೀಪ ಐತೇನ ಅದು?" ಎಂದಳು.